ಕ್ಲಿಫ್ಟನ್ ತೊಳೆದಿಟ್ಟ ರೆಕಾರ್ಡುಗಳು

ಸಂಗೀತ ಸತ್ತು ಎಷ್ಟು ವರ್ಷವಾಯಿತು ಅಂತ ತಿಳಿಯಬೇಕಾದವರು ಕ್ಲಿಫ್ಟನ್ ಗ್ಯಾಡ್ಸ್‌ಡೆನ್‌ನನ್ನು ಕೇಳಬೇಕು. ಕೇಳದಿದ್ದರೂ ಚಿಂತೆಯಿಲ್ಲ, ಅವನೇ ಹೇಳುತ್ತಾನೆ. ಬ್ರಾಂಕ್ಸಿನಲ್ಲಿ ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ. ಬಸ್ಸು ಹತ್ತಿ ಕೂತವರು ಸ್ಟಾಪು ಬರುವ ತನಕ ಎಲ್ಲಿಗೆ ಹೋದಾರು? ಹಾಗಾಗಿ ಅಷ್ಟೂ ವರ್ಷ ಅವನ ಅಭಿಪ್ರಾಯಗಳಿಗೆ ಶ್ರೋತೃಗಳ ಬರ ಬರಲಿಲ್ಲ. ನಿವೃತ್ತಿಯಾದ ಮೇಲೆ ಒಂದಿಡೀ ಬಸ್ಸಿನ ಪ್ರಯಾಣಿಕರ ಪಾಲನ್ನು ಒಬ್ಬಳೇ ಕೇಳಿಸಿಕೊಳ್ಳುವ ಭಾಗ್ಯ ಅವನ ಹೆಂಡತಿ ಅರ್ನೆಸ್ಟೀನಳದಾಯಿತು. (ಅವಳಿಗೆ ಇಳಿಯುವ ಸ್ಟಾಪೇ ಇರಲಿಲ್ಲ.)

ಅಭಿಪ್ರಾಯಗಳಾದರೂ ಒಂದೆರಡೇ? ಈಗಿನ ರ‍್ಯಾಪ್ ಅಂದರೆ ಹಲ್ಲು ಕೀಳಿಸಿಕೊಂಡವನು ಬಾಯಿಯ ಹತ್ತಿ ತೆಗೆಯದೆ ಹೆಂಡತಿಯ ಜೊತೆ ಜಗಳಕ್ಕೆ ನಿಂತ ಹಾಗೆ ಎಂದು ಅವನ ವಾದ. ಅವನ ಕಾಲದಲ್ಲಿ ರ‍್ಯಾಪ್ ಮಾಡುವವನು ಬಾಯಿಬಿಟ್ಟರೆ ಮೂರನೇ ಬೀದಿಯ ಕಿವುಡು ಮುದುಕಿಗೂ ಅರ್ಥವಾಗುತ್ತಿತ್ತು, ಅರ್ಥವಾಗಿ ಆಕೆ ಬಯ್ಯಲು ಬರುತ್ತಿದ್ದಳು. ಈಗ ಹಾಡಿದ್ದು ಹಾಡಿದವರಿಗೇ ತಿಳಿಯುವುದಿಲ್ಲ. ಅವನ ಪಂಚಾಂಗದ ಪ್ರಕಾರ ಎಪ್ಪತ್ತರ ದಶಕದ ಕೊನೆ ಸತ್ಯಯುಗ, ಎಂಬತ್ತರ ದಶಕ ತ್ರೇತಾಯುಗ, ತೊಂಬತ್ತರ ದಶಕದಲ್ಲಿ ಏನೋ ಸ್ವಲ್ಪ ಮಾನ ಉಳಿದಿತ್ತು, ಅದಾದ ಮೇಲೆ ಬಂದದ್ದೆಲ್ಲ ಪ್ರಳಯ.

ಆದರೆ ಈ ಸಿಟ್ಟೆಲ್ಲ ಒಂದು ತೂಕ, ಪಾಪ್ ಹಾಡುಗಳ ಮೇಲಿನ ಸಿಟ್ಟೇ ಒಂದು ತೂಕ. ರ‍್ಯಾಪ್ ಅವನಿಗೆ ದಾರಿತಪ್ಪಿದ ಸ್ವಂತ ಮಗ, ಬಯ್ಯಬಹುದು, ಕಿವಿ ಹಿಂಡಬಹುದು. ಪಾಪ್ ಅಂದರೆ ಯಾರದೋ ಮನೆಯ ಕೂಸು, ಮೈತುಂಬ ಸಕ್ಕರೆಪಾಕ ಮೆತ್ತಿಕೊಂಡು ಬಂದು ನಮ್ಮ ಸೋಫಾ ಮೇಲೆ ಉರುಳಾಡುತ್ತಿದೆ. ಪಾಪ್ ತನ್ನ ಹೊಸ್ತಿಲು ದಾಟಿಲ್ಲ ಎಂದು ಅವನು ಬೀದಿಗೆಲ್ಲ ಹೇಳಿಕೊಂಡಿದ್ದ. ಅರ್ನೆಸ್ಟೀನ್ ಅಡುಗೆಮನೆಯಲ್ಲಿ ಹಳೆಯ ಪಾಪ್ ಹಾಡುಗಳ ರೇಡಿಯೋ ಹಾಕಿದರೆ ಈತ ಬಂದು ಆರಿಸುತ್ತಿದ್ದ. ಈತ ಆಚೆ ಹೋದರೆ ಅವಳು ಮತ್ತೆ ಹಾಕುತ್ತಿದ್ದಳು. ಅವರ ದಾಂಪತ್ಯ ಸುಖವಾಗಿಯೇ ಇತ್ತು.

ಇಂಥ ಸಂಗೀತ ಸಾರ್ವಭೌಮನ ಸಿಂಹಾಸನ ಅಲುಗಿದ್ದು ಬೀದಿಹಬ್ಬದ ವಿಷಯಕ್ಕೆ. ಜುಲೈ ತಿಂಗಳ ಒಂದು ಶನಿವಾರ ಆ ಬೀದಿಯವರು ಎರಡೂ ತುದಿಗೆ ಅಡ್ಡ ಇಟ್ಟು, ಕಾರುಗಳನ್ನು ತೆಗೆಸಿ, ನಡುರಸ್ತೆಯಲ್ಲೇ ಮೇಜು ಕುರ್ಚಿ ಹಾಕಿ ಹಬ್ಬ ಮಾಡುತ್ತಾರೆ. ಮೊದಲೆಲ್ಲ ದೀಪದ ಕಂಬ ಬಿಚ್ಚಿ ಕರೆಂಟು ಕದಿಯುತ್ತಿದ್ದರು, ಈಗ ಪರವಾನಗಿ ತೆಗೆದುಕೊಂಡು ಕಮಿಟಿ ಅಧ್ಯಕ್ಷರ ಕಿಟಕಿಯಿಂದ ತಂತಿ ಎಳೆಯುತ್ತಾರೆ. ಕೆಂಡದ ಮೇಲೆ ಮಾಂಸ ಸುಡುವುದು ಅರ್ನೆಸ್ಟೀನಳ ತಮ್ಮ ವೆಂಡೆಲ್. ಆಲೂಗಡ್ಡೆ ಸಲಾಡು ಮಾಡುವ ಹಕ್ಕು ಅರ್ನೆಸ್ಟೀನಳೊಬ್ಬಳದು. (ಒಂದು ವರ್ಷ ಹೊಸದಾಗಿ ಬಂದ ಮನೆಯವರು ಒಣದ್ರಾಕ್ಷಿ ಹಾಕಿದ ಸಲಾಡು ತಂದರು. ಆಮೇಲೆ ಅವರು ಮನೆ ಬದಲಾಯಿಸಿದರು.) ಹಬ್ಬದ ಮೊದಲ ಗಂಟೆ ಸಂಗೀತ ಹಾಕುವ ಪಟ್ಟ ಮಾತ್ರ ಮೊದಲಿನಿಂದಲೂ ಕ್ಲಿಫ್ಟನ್‌ನದು.

ಪಟ್ಟವೇನೋ ಸರಿ, ಆದರೆ ಅವನು ಹಾಡು ಹಾಕುವ ಕ್ರಮ ಹೀಗೆ. ರೆಕಾರ್ಡು ತಿರುಗುತ್ತದೆ. ಜನರ ಸೊಂಟ ಆಗಷ್ಟೇ ಅಲುಗಲು ಸುರುವಾಗುತ್ತದೆ. ಆಗ ಕ್ಲಿಫ್ಟನ್ ಮುಳ್ಳು ಎತ್ತಿ ಮೈಕು ಹಿಡಿದು, ಈ ಹಾಡಿಗೆ ಬೇಸ್ ಗಿಟಾರು ನುಡಿಸಿದ ಮಹಾನುಭಾವ ಯಾರು, ಅವನು ಯಾವ ಚರ್ಚಿನಲ್ಲಿ ನುಡಿಸಿ ಕಲಿತ ಎಂದು ಉಪನ್ಯಾಸ ಕೊಡುತ್ತಾನೆ. ಎತ್ತಿದ ಕಾಲನ್ನು ಎಲ್ಲಿಡಬೇಕೆಂದು ತಿಳಿಯದ ಜನ ಅದನ್ನು ಊಟದ ಮೇಜಿನ ಕಡೆಗೆ ಇಡುತ್ತಾರೆ.

ಈ ವರ್ಷ ಜೂನಿನಲ್ಲೇ ಕಮಿಟಿ ಅಧ್ಯಕ್ಷ ಡೆಲ್‌ರಾಯ್ ಬಂದು ಮನೆಮುಂದಿನ ಮೆಟ್ಟಿಲ ಮೇಲೆ ಕೂತ. ಜಮೈಕಾದಿಂದ ಬಂದು ಇಲ್ಲೇ ತಲೆ ಹಣ್ಣಾದವನು, ಕೆಟ್ಟ ಸುದ್ದಿಯನ್ನೂ ಪೀಠಿಕೆ ಹಾಕಿ ಹೇಳುವ ಸಭ್ಯಸ್ಥ. ಬಿಸಿಲಿನ ಮಾತಾಡಿದ, ಮೊಣಕಾಲಿನ ಮಾತಾಡಿದ, ಕೊನೆಗೆ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಬ್ರದರ್ ಕ್ಲಿಫ್ಟನ್, ಕಮಿಟಿಲಿ ಒಂದು ಮಾತು ಬಂತು. ಈ ಸಲ ಮೊದಲನೇ ಗಂಟೆ ಹೊಸಬರಿಗೆ ಬಿಟ್ಟುಕೊಡೋಣ ಅಂತ."

"ಯಾರದು ಹೊಸಬರು?"

ಡೆಲ್‌ರಾಯ್ ಬಾಗಿಲ ಕಡೆ ನೋಡಿದ. ಅಲ್ಲಿ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಅಮಾಯಾ ನಿಂತಿದ್ದಳು. ಕ್ಲಿಫ್ಟನ್‌ನ ಮಗಳ ಮಗಳು, ಕಾಲೇಜಿಗೆ ಹತ್ತಿರವೆಂದು ಇವರ ಮನೆಯಲ್ಲೇ ಇದ್ದು, ಇವರ ಅನ್ನ ತಿಂದು, ಇವರ ಗೋಡೆ ಅದುರುವ ಹಾಗೆ ಹತ್ತಿ ತುಂಬಿದ ಬಾಯಿಯ ರ‍್ಯಾಪ್ ಕೇಳುವವಳು.

ಸ್ವಂತ ಸೂರಿನ ಕೆಳಗೇ ಪಿತೂರಿ ನಡೆದಿದೆ ಎಂದು ಕ್ಲಿಫ್ಟನ್‌ಗೆ ಖಾತ್ರಿಯಾಯಿತು. ಕಮಿಟಿಯಲ್ಲಿ ಇದಕ್ಕೆ ಕೈ ಎತ್ತಿದವರು ಯಾರ‍್ಯಾರು ಎಂದು ಕೇಳಿದ. ಡೆಲ್‌ರಾಯ್ ಟೋಪಿಯ ಹೊಲಿಗೆಯನ್ನು ಪರೀಕ್ಷೆ ಮಾಡತೊಡಗಿದ. ಉತ್ತರ ಬಂದದ್ದು ಅಡುಗೆಮನೆಯಿಂದ.

"ನಾನೂ ಎತ್ತಿದೆ," ಎಂದಳು ಅರ್ನೆಸ್ಟೀನ್. "ಎರಡೂ ಕೈ ಎತ್ತೋಣ ಅಂತಿದ್ದೆ, ಒಂದರಲ್ಲಿ ಸೌಟಿತ್ತು."

"ನೀನಾ?"

"ಹೂಂ, ನಾನೇ. ನೀನು ಹಾಡು ಹಾಕಿದಾಗ ಯಾರಾದ್ರೂ ಕುಣಿದಿದ್ದು ನೋಡಿದೀಯಾ? ನನ್ನ ಸಲಾಡು ಖಾಲಿ ಆಗತ್ತೆ, ಅಷ್ಟೇ."

"ಕುಣಿಯೋಕೆ ಮುಂಚೆ ತಿಳ್ಕೋಬೇಕು ಕಣೇ."

"ತಾತ, ಹೋದ ವರ್ಷ ನೀನು ಪಾಠ ಮುಗಿಸಿ ಪ್ರಶ್ನೆ ಬೇರೆ ಕೇಳಿದೆ," ಎಂದಳು ಅಮಾಯಾ ಮೆಲ್ಲಗೆ. "ಉತ್ತರ ಗೊತ್ತಿಲ್ಲದೋರಿಗೆ ಮುಂದಿನ ಹಾಡು ಇಲ್ಲ ಅಂದೆ."

ಇದೆಲ್ಲ ಸತ್ಯವಾಗಿದ್ದರಿಂದ ಕ್ಲಿಫ್ಟನ್‌ಗೆ ವಿಪರೀತ ಸಿಟ್ಟು ಬಂತು. ತಾನು ರಾಜೀನಾಮೆ ಕೊಡುವವನಲ್ಲ, ಬೇಕಾದರೆ ಇಡೀ ಬೀದಿ ತನ್ನನ್ನು ಎತ್ತಿ ಆಚೆ ಹಾಕಲಿ ಎಂದು ಘೋಷಿಸಿದ. ಆಗ ಡೆಲ್‌ರಾಯ್ ಜಮೈಕಾದ ತನ್ನೂರು ಕಿಂಗ್‌ಸ್ಟನ್ನಿನ ಪದ್ಧತಿಯೊಂದನ್ನು ಮುಂದಿಟ್ಟ. ಅಲ್ಲಿ ಸ್ಪೀಕರು ಕಟ್ಟಿಕೊಂಡ ಎರಡು ಪಾರ್ಟಿಗಳು ಎದುರುಬದುರು ನಿಂತು ಒಂದಾದ ಮೇಲೊಂದರಂತೆ ಹಾಡು ಹಾಕುತ್ತವೆ, ಯಾರ ಹಾಡಿಗೆ ಜನ ಹೆಚ್ಚು ಕುಣಿಯುತ್ತಾರೋ ಅವರದು ಗೆಲುವು. ತಾತ ಮೊಮ್ಮಗಳು ಹಾಗೇ ನಿಲ್ಲಲಿ. ಗೆದ್ದವರಿಗೆ ಮೊದಲ ಗಂಟೆ, ಈ ವರ್ಷಕ್ಕೆ ಮಾತ್ರವಲ್ಲ, ಇನ್ನು ಮೇಲೆ ಪ್ರತಿ ವರ್ಷಕ್ಕೂ. ಕ್ಲಿಫ್ಟನ್ ಅಲ್ಲೇ ಕೈಕುಲುಕಿ ಒಪ್ಪಿಕೊಂಡ. ಸೋತರೆ ತನ್ನ ಬಾಯಿಗೆ ಬೀದಿಯಲ್ಲಿ ಜಾಗವಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮರುದಿನವೇ ಬೀರುಗಳಿಂದ ರೆಕಾರ್ಡು ಡಬ್ಬಗಳು ಹೊರಬಂದವು. ಕ್ಲಿಫ್ಟನ್‌ನ ರೆಕಾರ್ಡುಗಳಲ್ಲಿ ಒಂದು ವಿಶೇಷವಿದೆ, ಒಂದಕ್ಕೂ ಲೇಬಲ್ ಇಲ್ಲ. ಅವನು ಪ್ರಾಯದಲ್ಲಿ ಬೀದಿಯಲ್ಲಿ ಡಿಜೆಯಾಗಿದ್ದಾಗ ಎದುರಾಳಿ ಡಿಜೆಗಳು ಹಿಂದಿನಿಂದ ಕತ್ತು ಚಾಚಿ, ಇವನು ಹಾಕಿದ್ದು ಯಾವ ರೆಕಾರ್ಡು ಅಂತ ಓದಿಕೊಂಡು ಹೋಗಿ, ಮುಂದಿನ ವಾರ ಅದನ್ನೇ ತಾವೂ ಹಾಕಿ ಮೆರೆಯುತ್ತಿದ್ದರು. ಅದಕ್ಕೇ ಜಾಣ ಡಿಜೆಗಳು ರೆಕಾರ್ಡು ತಂದ ದಿನವೇ ಸ್ನಾನದ ತೊಟ್ಟಿಯಲ್ಲಿ ನೆನೆಹಾಕಿ ಲೇಬಲ್ ಕಿತ್ತು ಬಿಸಾಡುತ್ತಿದ್ದರು. ಎಲ್ಲರೂ ಕೆಲವಕ್ಕೆ ಮಾಡಿದ್ದನ್ನು ಕ್ಲಿಫ್ಟನ್ ತನ್ನ ಸ್ವಭಾವಕ್ಕೆ ತಕ್ಕ ಹಾಗೆ ಎಲ್ಲಕ್ಕೂ ಮಾಡಿದ. ಹೆರಿಗೆ ಆಸ್ಪತ್ರೆಯಲ್ಲಿ ಕೂಸುಗಳ ಕೈಪಟ್ಟಿ ಕಿತ್ತುಹಾಕಿದ ಹಾಗಾಗಿದೆ ಎಂದು ಅರ್ನೆಸ್ಟೀನ್ ಬಯ್ಯುತ್ತಿದ್ದಳು. ಅವನು ಮಾತ್ರ ಒಂದೊಂದನ್ನೂ ಗೀರು ನೋಡಿ ಗುರುತು ಹಿಡಿಯುತ್ತಿದ್ದ.

ಅವುಗಳ ಪೈಕಿ ಎರಡಕ್ಕೆ ಡಬ್ಬದಲ್ಲಿ ಜಾಗವಿರಲಿಲ್ಲ. ಅವು ಬೀರುವಿನ ನೆತ್ತಿಯಲ್ಲಿ, ದಿಂಬಿನ ಚೀಲದೊಳಗೆ, ಉತ್ಸವಮೂರ್ತಿಗಳಂತೆ ಕಾಲ ಕಳೆಯುತ್ತಿದ್ದವು. ಎರಡೂ ಒಂದೇ ಹಾಡಿನ ಎರಡು ಪ್ರತಿಗಳು. ಆ ಹಾಡಿನ ನಡುವೆ ಒಂದು ಕಡೆ ಹಾಡುಗಾರ ಬಾಯಿ ಮುಚ್ಚುತ್ತಾನೆ, ಪಿಟೀಲುಗಳು ಸುಮ್ಮನಾಗುತ್ತವೆ, ಡ್ರಮ್ಮು ಬಾರಿಸುವವನೊಬ್ಬನೇ ನಾಲ್ಕು ಉಸಿರಿನಷ್ಟು ಹೊತ್ತು ಬಾರಿಸುತ್ತಾನೆ. ಒಂದರಲ್ಲಿ ಅದು ಮುಗಿಯುವಷ್ಟರಲ್ಲಿ ಇನ್ನೊಂದರಲ್ಲಿ ಮುಳ್ಳು ಇಟ್ಟರೆ, ಆ ಡ್ರಮ್ಮು ನಿಲ್ಲುವುದೇ ಇಲ್ಲ. ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಆ ಡ್ರಮ್ಮಿನಿಂದಲೇ ಕ್ಲಿಫ್ಟನ್ ಈ ಬೀದಿಗೆ ರಾಜನಾದ. ಅದು ಯಾವ ಹಾಡು ಅಂತ ಬಲ್ಲವನು ಅವನೊಬ್ಬನೇ. ಅರ್ನೆಸ್ಟೀನ್ ಮದುವೆಯ ದಿನವೇ ಕೇಳಿದ್ದಳು, ಗಂಡ ಹೆಂಡತಿ ನಡುವೆ ಗುಟ್ಟು ಇರಬಾರದು ಅಂತ. ಇದು ಗಂಡನ ಗುಟ್ಟಲ್ಲ, ಡಿಜೆಯ ಗುಟ್ಟು ಎಂದು ಈತ ಜಾರಿಕೊಂಡಿದ್ದ.

ಹಬ್ಬದ ದಿನ ಬಂತು. ಬೀದಿಯ ಈ ಕಡೆ ರೆಕಾರ್ಡು ತಿರುಗಿಸುವ ಕ್ಲಿಫ್ಟನ್‌ನ ಎರಡು ಟರ್ನ್‌ಟೇಬಲ್ಲು, ಆ ಕಡೆ ಅಮಾಯಾಳ ಲ್ಯಾಪ್‌ಟಾಪು, ನಡುವೆ ಕೆಂಡದ ಮುಂದೆ ಏಪ್ರನ್ ಕಟ್ಟಿಕೊಂಡ ವೆಂಡೆಲ್, ಅವನ ಪಕ್ಕದಲ್ಲಿ ಸಲಾಡಿನ ಪಾತ್ರೆಯ ಮೇಲೆ ಕೈಯಿಟ್ಟು ನಿಂತ ಅರ್ನೆಸ್ಟೀನ್. ಡೆಲ್‌ರಾಯ್ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ತೀರ್ಪುಗಾರನಾಗಿ ನಿಂತಿದ್ದ.

ಮೊದಲು ಅಮಾಯಾ ಹಾಕಿದಳು. ಯಾವುದೋ ಹೊಸ ರ‍್ಯಾಪು, ಒಂದಕ್ಷರ ತಿಳಿಯದು, ಆದರೆ ನೆಲ ಗುಂಯ್‌ಗುಟ್ಟಿತು. ಬೀದಿ ಪೂರ್ತಿ ಕುಣಿಯಿತು. ಮೊಣಕಾಲು ನೋವೆಂದು ಚರ್ಚಿಗೂ ಬಾರದ ಮುದುಕಿಯೊಬ್ಬಳು ಕುರ್ಚಿಯಲ್ಲಿ ಕೂತೇ ಭುಜ ಹಾರಿಸಿದಳು. ಕ್ಲಿಫ್ಟನ್ ತನ್ನ ಸರದಿಗೆ ಅಪ್ಪಟ ಚಿನ್ನದಂಥ ಒಂದು ಹಳೆಯ ರೆಕಾರ್ಡು ಹಾಕಿದ. ಜನ ಅದಕ್ಕೂ ಕುಣಿದರು, ನಿಜ ಹೇಳಬೇಕೆಂದರೆ ಇನ್ನೂ ಚೆನ್ನಾಗಿ ಕುಣಿದರು. ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಹಾಡು ಕಾವೇರುತ್ತಿದ್ದಂತೆ ಅವನು ಮುಳ್ಳು ಎತ್ತಿ, ಈಗಿನ ಹುಡುಗರಿಗೆ ಇದರ ಬೆಲೆ ಯಾಕೆ ತಿಳಿಯುವುದಿಲ್ಲ ಎಂಬುದಕ್ಕೆ ಕಾರಣಗಳನ್ನು ಹೇಳತೊಡಗಿದ. ಎರಡನೇ ಕಾರಣ ಮುಗಿಯುವಷ್ಟರಲ್ಲಿ ವೆಂಡೆಲ್ ಮುಂದೆ ಸಾಲು ನಿಂತಿತ್ತು.

ಹೀಗೆ ಮೂರು ಸುತ್ತು ನಡೆಯಿತು. ಮೂರನೆಯದಾದ ಮೇಲೆ ಡೆಲ್‌ರಾಯ್ ಅವನ ಹತ್ತಿರ ಬಂದು, ಇನ್ನೊಂದೇ ಸರದಿ ಇದೆ ಬ್ರದರ್, ದಯವಿಟ್ಟು ಮೈಕು ನನ್ನ ಕೈಗೆ ಕೊಡು ಎಂದು ಬೇಡಿಕೊಂಡ. ಕ್ಲಿಫ್ಟನ್ ಮೈಕು ಕೊಟ್ಟ. ಆಮೇಲೆ ಮೇಜಿನ ಕೆಳಗಿನಿಂದ ದಿಂಬಿನ ಚೀಲ ತೆಗೆದ.

ಡ್ರಮ್ಮು ಸುರುವಾದದ್ದೇ ತಡ, ಕೈಯಲ್ಲಿದ್ದ ತಟ್ಟೆಗಳು ಮೇಜಿಗೆ ಹೋದವು. ಎಡಗಡೆಯದು ಮುಗಿಯಿತು, ಬಲಗಡೆಯದು ಹಿಡಿಯಿತು, ಬಲಗಡೆಯದು ಮುಗಿಯಿತು, ಎಡಗಡೆಯದು ಹಿಡಿಯಿತು. ಅರವತ್ತು ದಾಟಿದ ಅವನ ಬೆರಳುಗಳು ಒಂದು ಸಲವೂ ತಪ್ಪಲಿಲ್ಲ. ಅರವತ್ತರವರು ಇಪ್ಪತ್ತರವರ ಹಾಗೆ ಕುಣಿದರು, ಇಪ್ಪತ್ತರವರು ತಮಗೆ ಗೊತ್ತಿಲ್ಲದ ಹೆಜ್ಜೆ ಹಾಕಿದರು. ಕ್ಲಿಫ್ಟನ್ ಬಾಯಿಬಿಡಲಿಲ್ಲ. ಅಷ್ಟು ಸಂತೋಷ ಅವನಿಗೆ ಎಷ್ಟೋ ವರ್ಷದಿಂದ ಆಗಿರಲಿಲ್ಲ.

ಅಮಾಯಾಗೂ ಸೋತೆನೆಂಬ ಬೇಸರವಿರಲಿಲ್ಲ. ಅವಳು ಕುಣಿಯುತ್ತಲೇ ತಾತನ ಸ್ಪೀಕರಿನ ಮುಂದೆ ಬಂದು, ಇಷ್ಟು ಚೆನ್ನಾಗಿರುವ ಡ್ರಮ್ಮು ತನಗೂ ಬೇಕೆಂದು ಫೋನು ಎತ್ತಿ ಹಿಡಿದಳು. ಈಗಿನ ಫೋನುಗಳು ಎಂಥವೆಂದರೆ, ಹಾಡು ಕೇಳಿಸಿದರೆ ಸಾಕು, ಹೆಸರು ಕುಲ ಗೋತ್ರ ಎಲ್ಲ ಹೇಳುತ್ತವೆ. ಕ್ಲಿಫ್ಟನ್ ಅದನ್ನು ನೋಡಿದ. ಬೇಡ ಎನ್ನಲು ಕೈ ಎತ್ತೋಣವೆಂದರೆ ಎರಡೂ ಕೈ ರೆಕಾರ್ಡುಗಳ ಮೇಲಿದ್ದವು.

"ಅಜ್ಜೀ," ಎಂದು ಅಮಾಯಾ ಸಲಾಡಿನ ಮೇಜಿಗೆ ಕೇಳುವ ಹಾಗೆ ಕೂಗಿದಳು, "ಈ ಡ್ಯಾನಿ ಫೇರ್‌ಮಾಂಟ್ ಅನ್ನೋನು ಯಾರು? 'ಸಕ್ಕರೆ ಸೋಮವಾರ' ಅಂತ ಬರ್ತಿದೆ. ಪಾಪ್ ಅಂತೆ."

ಅರ್ನೆಸ್ಟೀನ್ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. ವೆಂಡೆಲ್‌ನ ಇಕ್ಕಳ ಗಾಳಿಯಲ್ಲೇ ನಿಂತಿತು. ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕ್ಲಿಫ್ಟನ್‌ನ ಕೈ ಜೀವಮಾನದಲ್ಲಿ ಮೊದಲ ಸಲ ತಪ್ಪಿ ಡ್ರಮ್ಮು ನಿಂತುಹೋಯಿತು.

ಸಂಗತಿ ಇಷ್ಟು. ಆ ಎಪ್ಪತ್ತೊಂಬತ್ತರಲ್ಲಿ ಅರ್ನೆಸ್ಟೀನ್ ತನ್ನ ಮೊದಲ ಸಂಬಳದಲ್ಲಿ ಕೊಂಡು ತಂದದ್ದು ಡ್ಯಾನಿ ಫೇರ್‌ಮಾಂಟನ ರೆಕಾರ್ಡು. ಸ್ವೆಟರು ತೊಟ್ಟು, ಕ್ರಾಪು ಬಾಚಿ, ಕಣ್ಣೀರು ತುಂಬಿಕೊಂಡು ಹಾಡುವ ಅಪ್ಪಟ ಪಾಪ್ ಗಾಯಕ. ತಂದ ತಿಂಗಳಲ್ಲೇ ಅದು ಮಾಯವಾಯಿತು. ಹನ್ನೆರಡು ವರ್ಷದ ವೆಂಡೆಲ್ ಮಾಳಿಗೆಯ ಮೇಲಿಂದ ಹಾರಿಸಿ ಆಟವಾಡಿದ್ದಾನೆಂದು ಅವರಮ್ಮ ತೀರ್ಮಾನಿಸಿದಳು. ಮಗಳ ಅಳು ನೋಡಲಾರದೆ ಇನ್ನೊಂದು ತಂದುಕೊಟ್ಟಳು. ಅದೂ ಮಾಯವಾಯಿತು. ವೆಂಡೆಲ್ ಆ ಬೇಸಿಗೆ ಪೂರ್ತಿ ಮನೆಯಿಂದ ಹೊರಗೆ ಕಾಲಿಡಬಾರದೆಂದು ಅಪ್ಪಣೆಯಾಯಿತು. ಆ ದಿನಗಳಲ್ಲಿ ಅರ್ನೆಸ್ಟೀನಳನ್ನು ನೋಡಲು ದಿನಾ ಬರುತ್ತಿದ್ದವನು, ಅವರಮ್ಮ ಮಾಡಿದ ನಿಂಬೆ ಪಾನಕ ಕುಡಿಯುತ್ತ, ಚಿಕ್ಕ ಹುಡುಗರಿಗೆ ಶಿಸ್ತು ಮುಖ್ಯ ಎಂದು ಒಗ್ಗರಣೆ ಹಾಕುತ್ತಿದ್ದವನು ಕ್ಲಿಫ್ಟನ್.

ವೆಂಡೆಲ್ ಇಕ್ಕಳ ಹಿಡಿದೇ ಬಂದ. ಕೂಗಾಡುವ ಮನುಷ್ಯನಲ್ಲ ಅವನು.

"ಆ ಬೇಸಿಗೆ ಪೂರ್ತಿ ನಾನು ಕಿಟಕೀಲಿ ಕೂತು ಬೀದಿ ನೋಡಿದೆ ಕ್ಲಿಫ್. ಕೆಳಗಡೆ ನೀನು ಅದೇ ರೆಕಾರ್ಡು ಹಾಕಿ ಎಲ್ರನ್ನೂ ಕುಣಿಸ್ತಿದ್ದೆ. ನಾನು ಮೇಲಿಂದ ಚಪ್ಪಾಳೆ ಬೇರೆ ತಟ್ಟಿದೀನಿ."

ಬೀದಿ ಪೂರ್ತಿ ಕ್ಲಿಫ್ಟನ್ ಕಡೆ ನೋಡಿತು. ಬೇರೆ ಯಾರಾದರೂ ಆಗಿದ್ದರೆ ತಪ್ಪಾಯಿತು ಎನ್ನುತ್ತಿದ್ದರು. ಕ್ಲಿಫ್ಟನ್ ಗಂಟಲು ಸರಿಮಾಡಿಕೊಂಡ. ಪಾಪ್ ತನ್ನ ಹೊಸ್ತಿಲು ದಾಟಿಲ್ಲ ಎಂದು ತಾನು ಹೇಳಿದ ಮಾತು ಇವತ್ತಿಗೂ ನಿಜ, ಯಾಕೆಂದರೆ ತಾನು ಆ ಹಾಡನ್ನು ಒಂದು ದಿನವೂ ಕೇಳಿಲ್ಲ, ಮುಳ್ಳು ಇಟ್ಟದ್ದೆಲ್ಲ ಡ್ರಮ್ಮಿನ ಮೇಲೇ ಎಂದು ವಾದ ಹೂಡಿದ. ಎಂಥಾ ಹೊಲಸಿನಲ್ಲಿ ಎಂಥಾ ಮುತ್ತು ಬಿದ್ದಿತ್ತು, ತಾನು ಅದನ್ನು ಎತ್ತಿ ಉಳಿಸಿದೆ ಎಂದೂ ಸೇರಿಸಿದ.

"ನಾನು ಹಾಡು ಕದ್ದಿಲ್ಲ ಅರ್ನೆಸ್ಟೀನ್. ಡ್ರಮ್ಮು ಮಾತ್ರ ತಗೊಂಡೆ. ಹಾಡನ್ನ ಮುಟ್ಟೇ ಇಲ್ಲ."

"ಹಾಗಾದ್ರೆ ಮುಟ್ಟದೇ ಇರೋದನ್ನ ವಾಪಸ್ ಕೊಡು," ಎಂದಳು ಅವಳು, ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ. "ಮೊದಲಿಂದ ಹಾಕು. ಪೂರ್ತಿ. ನಡುವೆ ಮುಳ್ಳು ಎತ್ತಿದ್ರೆ ನಿನ್ನ ಕೈ ಮುರೀತೀನಿ."

ಕ್ಲಿಫ್ಟನ್ ಮೊದಲಿಂದ ಹಾಕಿದ. ಪಿಟೀಲುಗಳು ಬಂದವು, ಅವುಗಳ ಹಿಂದೆ ಕೊಳಲು ಬಂತು, ಕೊನೆಗೆ ಡ್ಯಾನಿ ಫೇರ್‌ಮಾಂಟ್ ತನ್ನ ಜೇನು ಸುರಿಸುತ್ತ ಬಂದ. ಸೋಮವಾರದ ಬಸ್ಸಿನಲ್ಲಿ ಒಬ್ಬಳನ್ನು ನೋಡಿದನಂತೆ, ಮುಂದಿನ ಸೋಮವಾರದ ತನಕ ಅವನ ಕಾಫಿಗೆ ಸಕ್ಕರೆಯೇ ಬೇಕಾಗಲಿಲ್ಲವಂತೆ. ಒಂದು ಸಾಲು ಮುಗಿಯುವಷ್ಟರಲ್ಲಿ ಐವತ್ತು ದಾಟಿದ ಹೆಂಗಸರೆಲ್ಲ ಎದ್ದು ನಿಂತು ಹಾಡುತ್ತಿದ್ದರು. ಎಲ್ಲರಿಗೂ ಹಾಡಿನ ಮಾತು ಬರುತ್ತಿತ್ತು. ಗಂಡಸರಿಗೂ ಬರುತ್ತಿತ್ತು, ಅವರು ಸ್ವಲ್ಪ ಆಚೀಚೆ ನೋಡಿ ಆಮೇಲೆ ಹಾಡಿದರು. ಹರೆಯದವರು ಫೋನು ಎತ್ತಿ ಹಿಡಿದು ಕುಣಿದರು. ಅರ್ನೆಸ್ಟೀನ್ ಕಣ್ಣು ಮುಚ್ಚಿಕೊಂಡು, ಸಲಾಡಿನ ಕೈಯಿಂದಲೇ ವೆಂಡೆಲ್‌ನ ಕೈ ಹಿಡಿದು, ನಡುರಸ್ತೆಯಲ್ಲಿ ತೂಗಾಡುತ್ತಿದ್ದಳು. ಅವಳು ಅಷ್ಟು ಚೆನ್ನಾಗಿ ಕುಣಿಯುತ್ತಾಳೆಂದು ಕ್ಲಿಫ್ಟನ್‌ಗೆ ಗೊತ್ತಿರಲಿಲ್ಲ. ತಾನು ಹಾಡು ಹಾಕುವಾಗ ಅವಳು ಎಂದೂ ಕುಣಿದಿರಲಿಲ್ಲವಲ್ಲ.

ಹಾಡಿನ ನಡುವೆ ಡ್ಯಾನಿ ಆ ಬಸ್ಸಿನ ಹುಡುಗಿಯನ್ನು, ನನ್ನ ಪಕ್ಕದಲ್ಲಿ ಕೂರುತ್ತೀಯಾ ಎಂದು ಕೇಳಿ ಬಾಯಿ ಮುಚ್ಚಿದ. ಪಿಟೀಲುಗಳು ಸುಮ್ಮನಾದವು. ಆಗ ಬಂತು ಡ್ರಮ್ಮು. ಅದು ಅವಳ ಉತ್ತರಕ್ಕೆ ಕಾಯುವವನ ಎದೆಬಡಿತ ಎಂದು ಕ್ಲಿಫ್ಟನ್‌ಗೆ ಗೊತ್ತಾದದ್ದು ಆವತ್ತು. ಅವನು ತನಗರಿವಿಲ್ಲದೆಯೇ ತಲೆದೂಗಿದ. ಪಾಪ್ ಹಾಡಿಗೆ ತಲೆದೂಗಿದೆನಲ್ಲ ಎಂದು ಅವನಿಗೆ ಇನ್ನಷ್ಟು ಸಿಟ್ಟು ಬಂತು.

ಹಾಡು ಮುಗಿದಾಗ ಡೆಲ್‌ರಾಯ್ ತೀರ್ಪು ಕೊಟ್ಟ. ಬೀದಿಯ ಕಾಲುಗಳು ಈ ಕಡೆಗೇ ಕುಣಿದಿವೆ, ಅದರಲ್ಲಿ ಅನುಮಾನವಿಲ್ಲ ಎಂದ. ಕ್ಲಿಫ್ಟನ್ ಮೈಕಿಗೆ ಕೈ ಚಾಚಿದ. ಡೆಲ್‌ರಾಯ್ ಮೈಕನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ. ಕಿಂಗ್‌ಸ್ಟನ್ನಿನಲ್ಲಿ ಸ್ಪೀಕರಿನ ಮುಂದೆ ನಿಂತು ಕೈಯಾಡಿಸುವವನು ಯಾರೇ ಇರಲಿ, ಗೆಲುವು ಮಾತ್ರ ರೆಕಾರ್ಡಿನ ಒಡೆಯರಿಗೆ ಸೇರುತ್ತದೆ ಎಂದು ವಿವರಿಸಿದ. ಆ ಪ್ರಕಾರ ಇಂದಿನಿಂದ ಪ್ರತಿ ವರ್ಷದ ಮೊದಲ ಗಂಟೆ ಸಿಸ್ಟರ್ ಅರ್ನೆಸ್ಟೀನಳದು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಅಮಾಯಾ.

ಅರ್ನೆಸ್ಟೀನ್ ಭಾಷಣ ಮಾಡಲಿಲ್ಲ. ಎರಡೂ ರೆಕಾರ್ಡುಗಳನ್ನು ದಿಂಬಿನ ಚೀಲಕ್ಕೆ ಹಾಕಿ ಕಂಕುಳಲ್ಲಿ ಇಟ್ಟುಕೊಂಡಳು. ಟರ್ನ್‌ಟೇಬಲ್ಲಿನ ಪಕ್ಕದಲ್ಲಿದ್ದ ಗಂಡನ ಕುರ್ಚಿಯಲ್ಲಿ ವೆಂಡೆಲ್‌ನನ್ನು ಕೂರಿಸಿ, ಇನ್ನು ಏನು ಕೇಳಬೇಕೋ ಹೇಳು, ಅದನ್ನೇ ಹಾಕ್ತೀವಿ ಎಂದಳು. ವೆಂಡೆಲ್ ಏಪ್ರನ್ ಬಿಚ್ಚಿ ಭಾವನ ಕತ್ತಿಗೆ ಹಾಕಿದ. ಇಕ್ಕಳವನ್ನೂ ಕೊಟ್ಟ.

ಕ್ಲಿಫ್ಟನ್ ಸೋಲೊಪ್ಪಿದ್ದಾನೆಂದು ಯಾರೂ ತಿಳಿಯಬಾರದು. ಕೆಂಡದ ಮುಂದೆ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ನಿಂತೇ ಅವನು ತನ್ನ ಅಭಿಪ್ರಾಯಗಳನ್ನು ಮಂಡಿಸತೊಡಗಿದ. ಡ್ರಮ್ಮು ಇಲ್ಲದಿದ್ದರೆ ಆ ಹಾಡಿಗೆ ಮೂರು ಕಾಸಿನ ಬೆಲೆಯಿಲ್ಲ, ಪಿಟೀಲು ಬಾರಿಸಿದವರನ್ನೆಲ್ಲ ಜೈಲಿಗೆ ಹಾಕಬೇಕಿತ್ತು, ಪಾಪ್ ಎಂಬುದು ಸಂಗೀತಕ್ಕೆ ಬಂದ ಸಿಹಿಮೂತ್ರ ರೋಗ. ಊಟದ ಸಾಲು ಉದ್ದವಿತ್ತು, ಬಹಳ ದಿನದ ಮೇಲೆ ಅವನಿಗೆ ಇಳಿದುಹೋಗಲಾರದ ಶ್ರೋತೃಗಳು ಸಿಕ್ಕಿದ್ದರು. ಅವನು ಉತ್ಸಾಹದಿಂದ ಮೂರನೇ ಕಾರಣಕ್ಕೆ ಬಂದ.

ಸಾಲಿನ ಮುಂದಿದ್ದ, ಮೊಣಕಾಲು ನೋವಿನ ಮುದುಕಿ ತಟ್ಟೆ ಮುಂದೆ ಮಾಡಿದಳು.

"ಮಾತು ಕಡಿಮೆ ಮಾಡಪ್ಪಾ," ಎಂದಳು. "ಸಾಸು ಜಾಸ್ತಿ ಹಾಕು."